ಮಾತಿನಲ್ಲಿ ಗೆದ್ದವರು ಮತದಲ್ಲೂ ಗೆಲ್ಲುತ್ತಾರೆಯೇ?

2010ರ ಏಪ್ರಿಲ್ 15ರ ರಾತ್ರಿ ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ ಮೂವರು ನಾಯಕರು ಟಿ.ವಿ. ಕ್ಯಾಮೆರಾಗಳ ಎದುರು ಒಟ್ಟಿಗೆ ನಿಂತರು. ಒಬ್ಬರು ಆಗಿನ ಪ್ರಧಾನಿ ಗಾರ್ಡನ್ ಬ್ರೌನ್, ಇನ್ನೊಬ್ಬರು ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದ ಡೇವಿಡ್ ಕ್ಯಾಮರೂನ್. ಮೂರನೆಯವರು ಲಿಬರಲ್ ಡೆಮಾಕ್ರಟ್ ಪಕ್ಷದ ನಿಕ್ ಕ್ಲೆಗ್. ಅವರು ಯಾರು, ಏನು ಎಂಬುದು ಆ ದೇಶದ ಎಷ್ಟೋ ಮತದಾರರಿಗೆ ಆವರೆಗೆ ಸರಿಯಾಗಿ ಗೊತ್ತಿರಲಿಲ್ಲ. ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಯೊಂದರಲ್ಲಿ ಪಕ್ಷಗಳ ನಾಯಕರು ಟಿ.ವಿ.ಯಲ್ಲಿ ಹೀಗೆ ಮುಖಾಮುಖಿಯಾಗಿದ್ದು ಅದೇ ಮೊದಲು. 94 ಲಕ್ಷ ಜನ ನೋಡಿದರು. ಕ್ಲೆಗ್ ನೇರವಾಗಿ ಕ್ಯಾಮೆರಾವನ್ನು ನೋಡಿ ಮಾತನಾಡಿದರು, ಪ್ರಶ್ನೆ ಕೇಳಿದವರನ್ನು ಹೆಸರು ಹಿಡಿದು ಕರೆದರು. ಬ್ರೌನ್ ಬಾಯಲ್ಲಿ ‘ನಿಕ್ ಹೇಳಿದ್ದನ್ನು ನಾನೂ ಒಪ್ಪುತ್ತೇನೆ’ ಎಂಬ ಮಾತು ಮತ್ತೆ ಮತ್ತೆ ಬಂತು. ಕೊನೆಗೆ ಆ ವಾಕ್ಯವೇ ಟೀ ಶರ್ಟುಗಳ ಮೇಲೂ ಬಂತು.

ಬೆಳಗಾಗುವಷ್ಟರಲ್ಲಿ ಕ್ಲೆಗ್ ಹೀರೊ. ಇಪ್ಪತ್ತರ ಆಸುಪಾಸಿನಲ್ಲಿದ್ದ ಅವರ ಪಕ್ಷದ ಶೇಕಡಾವಾರು ಬೆಂಬಲ ಕೆಲವೇ ದಿನಗಳಲ್ಲಿ ಮೂವತ್ತರ ಹತ್ತಿರಕ್ಕೆ ನೆಗೆಯಿತು. ಒಂದೆರಡು ಸಮೀಕ್ಷೆಗಳಲ್ಲಂತೂ ಮೂರನೇ ಸ್ಥಾನದ ಪಕ್ಷ ಮೊದಲ ಸ್ಥಾನಕ್ಕೇ ಬಂದು ಕೂತಿತು. ಪತ್ರಿಕೆಗಳು ‘ಕ್ಲೆಗ್‌ಮೇನಿಯಾ’ ಎಂದು ಬರೆದವು. ಮೂರು ವಾರ ಕಳೆದು, ಮೇ 6ರಂದು ಮತದಾನವಾಯಿತು. ಲಿಬರಲ್ ಡೆಮಾಕ್ರಟರಿಗೆ ಸಿಕ್ಕಿದ್ದು ಶೇ 23ರಷ್ಟು ಮತ. ಐದು ವರ್ಷಗಳ ಹಿಂದಿನ ಚುನಾವಣೆಗಿಂತ ಒಂದೇ ಅಂಶ ಹೆಚ್ಚು. ಸೀಟುಗಳು 62ರಿಂದ 57ಕ್ಕೆ ಇಳಿದವು. ಅತಂತ್ರ ಸಂಸತ್ತಿನ ಕೃಪೆಯಿಂದ ಕ್ಲೆಗ್ ಉಪಪ್ರಧಾನಿಯಾದರು ಎನ್ನುವುದು ಬೇರೆ ಮಾತು. ಆದರೆ ಆ ರಾತ್ರಿ ಟಿ.ವಿ. ಮುಂದೆ ಕೂತು ತಲೆದೂಗಿದವರೆಲ್ಲ ಮತಗಟ್ಟೆಗೆ ಹೋದಾಗ ಏನು ಮಾಡಿದರು?

ಬಹುಪಾಲು ಜನ ಮೊದಲೇ ಅಂದುಕೊಂಡಿದ್ದನ್ನೇ ಮಾಡಿದರು.

ಬ್ರಿಟನ್ನಿನ ಈ ಕಥೆ ಅಪವಾದವೇನಲ್ಲ. ಅಮೆರಿಕದಲ್ಲಿ 2012ರ ಅಕ್ಟೋಬರ್ 3ರಂದು ಡೆನ್ವರ್‌ನಲ್ಲಿ ನಡೆದ ಚರ್ಚೆಯಲ್ಲಿ ಬರಾಕ್ ಒಬಾಮ ಮಂಕಾಗಿದ್ದರು. ನೋಡಿದವರಲ್ಲಿ ಶೇ 72ರಷ್ಟು ಮಂದಿ ಗೆದ್ದದ್ದು ಮಿಟ್ ರಾಮ್ನಿ ಎಂದೂ ಶೇ 20ರಷ್ಟು ಮಂದಿ ಮಾತ್ರ ಒಬಾಮ ಎಂದೂ ಗ್ಯಾಲಪ್ ಸಮೀಕ್ಷೆಯಲ್ಲಿ ಹೇಳಿದರು. ಮುಂದಿನ ತಿಂಗಳು ಒಬಾಮ 332 ಎಲೆಕ್ಟೋರಲ್ ಮತಗಳೊಂದಿಗೆ ಮತ್ತೆ ಅಧ್ಯಕ್ಷರಾದರು. 2016ರಲ್ಲಿ ಮೂರಕ್ಕೆ ಮೂರೂ ಚರ್ಚೆಗಳಲ್ಲಿ ಹಿಲರಿ ಕ್ಲಿಂಟನ್ ಗೆದ್ದರೆಂದು ಸಿಎನ್ಎನ್ ಸಮೀಕ್ಷೆಗಳು ಹೇಳಿದವು. ಶ್ವೇತಭವನಕ್ಕೆ ಹೋದವರು ಡೊನಾಲ್ಡ್ ಟ್ರಂಪ್. 2024ರ ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಅದೇ ಟ್ರಂಪ್‌ರನ್ನು ಕೆಣಕಿ ದಾರಿ ತಪ್ಪಿಸಿದ್ದನ್ನು 6.7 ಕೋಟಿ ಜನ ನೋಡಿದರು. ಅಂದಿನ ಸಿಎನ್ಎನ್ ಸಮೀಕ್ಷೆಯಲ್ಲಿ ಹ್ಯಾರಿಸ್ ಪರ 63, ಟ್ರಂಪ್ ಪರ 37. ನವೆಂಬರ್‌ನಲ್ಲಿ ಟ್ರಂಪ್‌ಗೆ 312 ಎಲೆಕ್ಟೋರಲ್ ಮತ, ಹ್ಯಾರಿಸ್‌ಗೆ 226.

ಬಿಡಿ ಬಿಡಿ ಉದಾಹರಣೆಗಳಿಂದ ಏನನ್ನು ಬೇಕಾದರೂ ಸಾಧಿಸಬಹುದು ಎಂದು ಅನುಮಾನ ಪಡುವವರಿಗಾಗಿ ದೊಡ್ಡ ಲೆಕ್ಕವೂ ಇದೆ. ಅರ್ಥಶಾಸ್ತ್ರಜ್ಞರಾದ ಕ್ಯಾರೊಲಿನ್ ಲ ಪೆನೆಕ್ ಮತ್ತು ವಿನ್ಸೆಂಟ್ ಪೋನ್ಸ್ 1952ರಿಂದ ಈಚೆಗೆ ಹತ್ತು ದೇಶಗಳಲ್ಲಿ ನಡೆದ 62 ಚುನಾವಣೆಗಳ ಸಮೀಕ್ಷೆಗಳನ್ನು ಒಟ್ಟುಹಾಕಿದರು. ಅವರ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಈ ಸಮೀಕ್ಷೆಗಳಿಗೆ ಒಂದು ವಿಶೇಷವಿತ್ತು: ಒಬ್ಬನೇ ಮತದಾರನನ್ನು ಚುನಾವಣೆಗೆ ಮುನ್ನ ‘ಯಾರಿಗೆ ಹಾಕುತ್ತೀರಿ’ ಎಂದೂ, ಚುನಾವಣೆ ಮುಗಿದ ಮೇಲೆ ‘ಯಾರಿಗೆ ಹಾಕಿದಿರಿ’ ಎಂದೂ ಕೇಳಲಾಗಿತ್ತು. ಟಿ.ವಿ. ಚರ್ಚೆಗೆ ಮತ ಬದಲಿಸುವ ಶಕ್ತಿ ಇದ್ದಿದ್ದರೆ, ಚರ್ಚೆಯ ಹಿಂದಿನ ದಿನ ಉತ್ತರಿಸಿದವರಿಗಿಂತ ಮರುದಿನ ಉತ್ತರಿಸಿದವರ ಮಾತು ಅಂತಿಮ ಮತಕ್ಕೆ ಹೆಚ್ಚು ತಾಳೆಯಾಗಬೇಕಿತ್ತು. 56 ಚರ್ಚೆಗಳನ್ನು ಜಾಲಾಡಿದರೂ ಅಂಥ ಜಿಗಿತ ಕಾಣಲಿಲ್ಲ.

ಹಾಗೆಂದು ಮತದಾರರ ಮನಸ್ಸು ಕಲ್ಲೇನಲ್ಲ. ಕೊನೆಯ ಎರಡು ತಿಂಗಳಲ್ಲಿ ಶೇ 17ರಿಂದ 29ರಷ್ಟು ಮತದಾರರು ತಮ್ಮ ಅಂತಿಮ ನಿರ್ಧಾರಕ್ಕೆ ಬರುತ್ತಾರೆ ಎಂದೂ ಅದೇ ಅಧ್ಯಯನ ಹೇಳುತ್ತದೆ. ಅಂದರೆ ಮನಸ್ಸು ಬದಲಾಗುತ್ತದೆ, ಆದರೆ ಒಂದು ರಾತ್ರಿಯ ವಾಗ್ಯುದ್ಧದಿಂದಲ್ಲ. ದಿನಾ ಬರುವ ಸುದ್ದಿ, ಮನೆಬಾಗಿಲಿಗೆ ಬರುವ ಕಾರ್ಯಕರ್ತ, ನೆಂಟರಿಷ್ಟರ ಜತೆಗಿನ ಹರಟೆ, ಇವೇ ಹೆಚ್ಚು ಕೆಲಸ ಮಾಡುತ್ತವೆ ಎಂಬುದು ಸಂಶೋಧಕರ ಅಂದಾಜು. ಕರ್ನಾಟಕದ ಯಾವುದೇ ಪಕ್ಷದ ಬೂತ್ ಮಟ್ಟದ ಕಾರ್ಯಕರ್ತನನ್ನು ಕೇಳಿದ್ದರೆ ಇದನ್ನು ಪುಕ್ಕಟೆಯಾಗಿ ಹೇಳುತ್ತಿದ್ದ.

ಹಾಗಿದ್ದರೆ ಟಿ.ವಿ. ಚರ್ಚೆಯೇ ಅಧ್ಯಕ್ಷರನ್ನು ಮಾಡುತ್ತದೆ ಎಂಬ ನಂಬಿಕೆ ಹುಟ್ಟಿದ್ದೆಲ್ಲಿ? ಅದರ ಬೇರು ಇರುವುದು 1960ರ ಸೆಪ್ಟೆಂಬರ್ 26ರ ಶಿಕಾಗೊದಲ್ಲಿ. ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಎದುರಾದ ಆ ಸಂಜೆಯ ಕಥೆಯನ್ನು ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ಇಂದಿಗೂ ಹೇಳಿಕೊಡುತ್ತಾರೆ. ಮಂಡಿಯ ಸೋಂಕಿನಿಂದ ಆಸ್ಪತ್ರೆ ಸೇರಿ ಸೊರಗಿದ್ದ ನಿಕ್ಸನ್, ಕಂದು ಮೈಬಣ್ಣದ ಲವಲವಿಕೆಯ ಕೆನಡಿ. ನಿಕ್ಸನ್ ಮುಖದಲ್ಲಿ ಗಡ್ಡದ ನೆರಳು ಮರೆಮಾಚಲು ಹಚ್ಚಿದ ಪೌಡರು, ಹಿನ್ನೆಲೆಯ ಬೂದು ಬಣ್ಣದಲ್ಲಿ ಕರಗಿಹೋದ ಕೋಟು, ಹಣೆಯ ಬೆವರು. ಸುಮಾರು ಏಳು ಕೋಟಿ ಜನ ನೋಡಿದರು. ಇದಾದ ಮೇಲೆ ಬರುವುದೇ ಕಥೆಯ ಮುಖ್ಯ ತಿರುವು: ರೇಡಿಯೊದಲ್ಲಿ ಕೇಳಿದವರಿಗೆ ನಿಕ್ಸನ್ ಗೆದ್ದಂತೆ, ಟಿ.ವಿ.ಯಲ್ಲಿ ನೋಡಿದವರಿಗೆ ಕೆನಡಿ ಗೆದ್ದಂತೆ ಅನ್ನಿಸಿತಂತೆ.

ಈ ‘ಅಂತೆ’ಯನ್ನು ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಸಿಂಡ್ಲಿಂಗರ್ ಎಂಬ ಮಾರುಕಟ್ಟೆ ಸಮೀಕ್ಷಾ ಸಂಸ್ಥೆಯ ಒಂದೇ ಒಂದು ಸಮೀಕ್ಷೆ. ಅದರಲ್ಲಿದ್ದ ರೇಡಿಯೊ ಕೇಳುಗರು 282 ಮಂದಿ. ಅವರೆಲ್ಲರೂ ಯಾರು ಗೆದ್ದರೆಂದು ಹೇಳಿರಲೂ ಇಲ್ಲ. ಡೇವಿಡ್ ವ್ಯಾನ್ಸಿಲ್ ಮತ್ತು ಸ್ಯೂ ಪೆಂಡೆಲ್ ಎಂಬ ಸಂವಹನ ಪ್ರಾಧ್ಯಾಪಕರು 1987ರಲ್ಲಿ ಈ ಕಥೆಯ ಹುಳುಕನ್ನು ಬಿಡಿಸಿಟ್ಟರು. 1960ರಲ್ಲಿ ಟಿ.ವಿ. ಇಲ್ಲದೆ ರೇಡಿಯೊ ಹಚ್ಚಿ ಕೂತವರಲ್ಲಿ ಹಳ್ಳಿಗಾಡಿನವರೂ ಕ್ಯಾಥೊಲಿಕ್ ಅಭ್ಯರ್ಥಿಯೆಂದರೆ ಮೂಗು ಮುರಿಯುವ ಪ್ರಾಟೆಸ್ಟೆಂಟರೂ ಹೆಚ್ಚಿಗೆ ಇದ್ದಿರಬಹುದು. ಅವರು ಚರ್ಚೆಗೆ ಮುಂಚೆಯೇ ನಿಕ್ಸನ್ ಕಡೆಯವರಾಗಿದ್ದರೆ ಫಲಿತಾಂಶದಲ್ಲಿ ಅಚ್ಚರಿಪಡಲು ಏನಿದೆ?

ನಿಜ, ಚಿತ್ರಕ್ಕೆ ಶಕ್ತಿಯೇ ಇಲ್ಲ ಎಂದೂ ಹೇಳುವಂತಿಲ್ಲ. ರಾಜ್ಯಶಾಸ್ತ್ರಜ್ಞ ಜೇಮ್ಸ್ ಡ್ರಕ್ಮನ್ 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಆ ಹಳೆಯ ಚರ್ಚೆಯ ಬಗ್ಗೆ ಏನೂ ಅರಿಯದ ಎಳೆಯರಿಗೆ ಅದನ್ನೇ ತೋರಿಸಿದರು. ಇನ್ನೊಂದು ಗುಂಪಿಗೆ ಬರೀ ಧ್ವನಿ ಕೇಳಿಸಿದರು. ನೋಡಿದವರಲ್ಲಿ ಕೆನಡಿ ಗೆದ್ದರು ಎಂದವರು ಕೇಳಿದವರಿಗಿಂತ ಹೆಚ್ಚಿದ್ದರು. ಆದರೆ ‘ಯಾರು ಚೆನ್ನಾಗಿ ಮಾಡಿದರು’ ಎಂಬ ಪ್ರಶ್ನೆಗೂ ‘ಯಾರಿಗೆ ವೋಟು’ ಎಂಬ ಪ್ರಶ್ನೆಗೂ ನಡುವೆ ಬಹಳ ದೂರವಿದೆ. ಚರ್ಚೆಗೆ ಮುನ್ನ ಗ್ಯಾಲಪ್ ಲೆಕ್ಕದಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮ; ನಂತರ ಕೆನಡಿ ಮೂರು ಅಂಶ ಮುಂದೆ. ಸಮೀಕ್ಷೆಯಲ್ಲಿ ಸಹಜವಾಗಿ ಆಗುವ ಏರುಪೇರೇ ಅಷ್ಟಿರುತ್ತದೆ. ಕೊನೆಗೆ ಕೆನಡಿ ಗೆದ್ದದ್ದು ಸುಮಾರು ಆರೂಮುಕ್ಕಾಲು ಕೋಟಿ ಮತಗಳಲ್ಲಿ ಒಂದು ಲಕ್ಷ ಚಿಲ್ಲರೆ ಅಂತರದಿಂದ. ಅಷ್ಟು ಸಣ್ಣ ಅಂತರಕ್ಕೆ ಚರ್ಚೆಯೂ ಕಾರಣವಿರಬಹುದು, ಶಿಕಾಗೊದ ಮೇಯರ್ ರಿಚರ್ಡ್ ಡೇಲಿಯವರ ಪಕ್ಷಯಂತ್ರವೂ ಕಾರಣವಿರಬಹುದು, ಟೆಕ್ಸಸ್‌ನ ಲಿಂಡನ್ ಜಾನ್ಸನ್ ಉಪಾಧ್ಯಕ್ಷ ಅಭ್ಯರ್ಥಿಯಾಗಿ ಜೋಡಿಯಾಗಿದ್ದದ್ದೂ ಕಾರಣವಿರಬಹುದು. ಪೌಡರಿನ ಕಥೆ ಮಾತ್ರ ಉಳಿದುಕೊಂಡಿತು, ಏಕೆಂದರೆ ಹೇಳಲಿಕ್ಕೆ ಅದು ಚೆನ್ನಾಗಿದೆ. ಆ ಕಥೆಯನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವರು ಬಹುಶಃ ಸ್ವತಃ ನಿಕ್ಸನ್. 1968 ಮತ್ತು 1972ರಲ್ಲಿ ಅವರು ಚರ್ಚೆಯ ಹತ್ತಿರವೂ ಸುಳಿಯಲಿಲ್ಲ. ಎರಡೂ ಸಲ ಗೆದ್ದರು.

ಚರ್ಚೆಯನ್ನು ಕೊನೆಯವರೆಗೆ ಕೂತು ನೋಡುವವರು ಯಾರು ಎಂದು ಕೇಳಿಕೊಂಡರೆ ಅರ್ಧ ಗುಟ್ಟು ಬಯಲಾಗುತ್ತದೆ. ರಾಜಕೀಯದಲ್ಲಿ ಮೊದಲೇ ಆಸಕ್ತಿ ಇದ್ದವರು, ಒಂದು ಕಡೆಗೆ ಮೊದಲೇ ವಾಲಿದವರು. ಯಾರಿಗೆ ಹಾಕಬೇಕೆಂದು ತೋಚದವನು ಸಾಮಾನ್ಯವಾಗಿ ಆ ಹೊತ್ತಿಗೆ ಬೇರೆ ಚಾನೆಲ್ ನೋಡುತ್ತಿರುತ್ತಾನೆ. ಕರಾವಳಿಯ ತಾಳಮದ್ದಳೆಗೆ ಬಂದು ಕೂತವರಿಗೆ ವಾಲಿವಧೆ ಪ್ರಸಂಗದಲ್ಲಿ ವಾಲಿ ಸಾಯುವುದು ಖಚಿತವೆಂದು ಗೊತ್ತಿರುತ್ತದೆ. ಆದರೂ ಮರೆಯಲ್ಲಿ ನಿಂತು ಬಾಣ ಬಿಟ್ಟ ರಾಮನನ್ನು ವಾಲಿಯ ಅರ್ಥಧಾರಿ ಹೇಗೆ ಕೆಣಕುತ್ತಾನೆ, ರಾಮನ ಪಾತ್ರಧಾರಿ ಹೇಗೆ ಜಾರಿಕೊಳ್ಳುತ್ತಾನೆ ಎಂದು ನೋಡಲು ನಿದ್ದೆಗೆಡುತ್ತಾರೆ. ‘ಇವತ್ತು ವಾಲಿಯದೇ ಮೇಲುಗೈ’ ಎಂದು ಒಪ್ಪಿಕೊಂಡು ಮನೆಗೆ ಹೋದವನು ಬೆಳಿಗ್ಗೆ ಎದ್ದು ಕೈಮುಗಿಯುವುದು ರಾಮನಿಗೇ. ಡೆನ್ವರ್‌ನ ಚರ್ಚೆ ನೋಡಿದ ಒಬಾಮ ಅಭಿಮಾನಿಗಳೂ ಮಾಡಿದ್ದು ಇದನ್ನೇ.

ಎದುರಾಳಿಗಳಿಬ್ಬರ ಬಗ್ಗೆಯೂ ಜನರಿಗೆ ಮೊದಲೇ ಎಲ್ಲ ಗೊತ್ತಿದ್ದರೆ ಚರ್ಚೆ ಹೊಸದಾಗಿ ಹೇಳುವುದು ಕಡಿಮೆ. ಈ ಮಾತನ್ನು ತಿರುಗಿಸಿ ನೋಡಿದರೆ ಚರ್ಚೆಗೆ ಎಲ್ಲಿ ಬಲ ಬರುತ್ತದೆ ಎಂಬುದೂ ತಿಳಿಯುತ್ತದೆ. ನ್ಯೂಜಿಲೆಂಡ್‌ನ ಪೀಟರ್ ಡನ್ ಇದಕ್ಕೆ ಸೊಗಸಾದ ಉದಾಹರಣೆ. ಅವರ ಯುನೈಟೆಡ್ ಫ್ಯೂಚರ್ ಪಕ್ಷಕ್ಕೆ ಸಂಸತ್ತಿನಲ್ಲಿ ಇದ್ದದ್ದು ಒಂದೇ ಸೀಟು, ಅದೂ ಅವರದೇ. 2002ರ ಚುನಾವಣೆಯ ಟಿ.ವಿ. ಚರ್ಚೆಯಲ್ಲಿ ಸ್ಟುಡಿಯೊದೊಳಗಿನ ಪ್ರೇಕ್ಷಕರು ಗುಂಡಿ ತಿರುಗಿಸಿ ಮೆಚ್ಚುಗೆ ಸೂಚಿಸುವ ಏರ್ಪಾಡಿತ್ತು. ಅದು ಪರದೆಯ ಮೇಲೆ ಹುಳುವಿನಂತೆ ಹರಿದಾಡುವ ಗೆರೆಯಾಗಿ ಕಾಣುತ್ತಿತ್ತು. ಡನ್ ‘ಸಾಮಾನ್ಯ ತಿಳಿವಳಿಕೆ’ಯ ಮಾತು ಆಡಿದಾಗಲೆಲ್ಲ ಗೆರೆ ಮೇಲಕ್ಕೆ ಹತ್ತಿತು. ಶೇ 1ಕ್ಕೂ ಕಡಿಮೆ ಇದ್ದ ಪಕ್ಷ ಚುನಾವಣೆಯಲ್ಲಿ ಶೇ 6.7ರಷ್ಟು ಮತ, ಎಂಟು ಸೀಟು ಪಡೆಯಿತು. ಮೂರು ವರ್ಷದ ನಂತರ ಮೂರು ಸೀಟಿಗೆ ಇಳಿಯಿತು. ಪ್ರಮಾಣಾನುಗುಣ ಪ್ರಾತಿನಿಧ್ಯ ಇರುವ ದೇಶವಾದ್ದರಿಂದ ಏರಿದ ಮತ ಸೀಟಾಗಿಯೂ ಬಂತು. ಬ್ರಿಟನ್ನಿನ ಕ್ಲೆಗ್‌ಗೆ ಆ ಅನುಕೂಲ ಇರಲಿಲ್ಲ.

ಅಮೆರಿಕದ ಪಕ್ಷಗಳೊಳಗಿನ ಪ್ರೈಮರಿ ಚುನಾವಣೆಗಳದ್ದೂ ಇದೇ ಕಥೆ. ಅಲ್ಲಿ ಎಲ್ಲರೂ ಒಂದೇ ಪಕ್ಷದವರು, ಆದ್ದರಿಂದ ಪಕ್ಷನಿಷ್ಠೆ ಮತವನ್ನು ಕಟ್ಟಿಹಾಕುವುದಿಲ್ಲ. ಅಭ್ಯರ್ಥಿಗಳಲ್ಲಿ ಅರ್ಧ ಜನ ಅಪರಿಚಿತರು. 2011ರ ನವೆಂಬರ್‌ನಲ್ಲಿ ಟೆಕ್ಸಸ್ ಗವರ್ನರ್ ರಿಕ್ ಪೆರಿ, ಅಧ್ಯಕ್ಷನಾದರೆ ಮೂರು ಇಲಾಖೆಗಳನ್ನು ಮುಚ್ಚುತ್ತೇನೆಂದು ಎಣಿಸಲು ಹೊರಟು ಮೂರನೆಯದರ ಹೆಸರು ಮರೆತರು. ‘ಊಪ್ಸ್’ ಎಂದರು. ಅವರ ಸ್ಪರ್ಧೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ಮರೆತುಹೋದ ಇಲಾಖೆ ಇಂಧನದ್ದು. 2017ರಲ್ಲಿ ಟ್ರಂಪ್ ಸಂಪುಟ ಸೇರಿದ ಪೆರಿ ವಹಿಸಿಕೊಂಡ ಖಾತೆಯೂ ಅದೇ! 2020ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನ ಮಾಜಿ ಮೇಯರ್, ಕೋಟ್ಯಧಿಪತಿ ಮೈಕೆಲ್ ಬ್ಲೂಮ್‌ಬರ್ಗ್ 50 ಕೋಟಿ ಡಾಲರ್ ಆಜುಬಾಜಿನ ಪ್ರಚಾರದ ಬಲದಲ್ಲಿ ಲಾಸ್ ವೇಗಸ್‌ನ ಚರ್ಚಾ ವೇದಿಕೆ ಹತ್ತಿದರು. ಪ್ರತಿಸ್ಪರ್ಧಿ ಎಲಿಜಬೆತ್ ವಾರೆನ್ ಅಲ್ಲೇ ಅವರ ನೀರಿಳಿಸಿದರು. ಎರಡು ವಾರದಲ್ಲಿ ಬ್ಲೂಮ್‌ಬರ್ಗ್ ಕಣದಿಂದ ಹೊರಗಿದ್ದರು.

ಇನ್ನೂ ಒಂದು ಸಂಗತಿ ಇದೆ. ಚರ್ಚೆ ಮುಗಿದ ಮೇಲೆ ಅದರ ಬಗ್ಗೆ ನಡೆಯುವ ಚರ್ಚೆ ಕೆಲವೊಮ್ಮೆ ಮೂಲ ಚರ್ಚೆಗಿಂತ ಜೋರಾಗಿ ಕೆಲಸ ಮಾಡುತ್ತದೆ. 1976ರ ಅಕ್ಟೋಬರ್ 6ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್, ಪೂರ್ವ ಯುರೋಪಿನ ಮೇಲೆ ಸೋವಿಯತ್ ಹಿಡಿತವೇ ಇಲ್ಲ ಎಂದುಬಿಟ್ಟರು. ಪೋಲೆಂಡಿನಲ್ಲೂ ಹಂಗೆರಿಯಲ್ಲೂ ಸೋವಿಯತ್ ಸೇನೆ ಬೀಡುಬಿಟ್ಟಿದ್ದ ಕಾಲ ಅದು. ಆ ರಾತ್ರಿ ನೋಡಿದವರಿಗೆ ಅದು ಅಷ್ಟಾಗಿ ತಟ್ಟಲೇ ಇಲ್ಲ. ಫೋರ್ಡ್ ತಂಡದ ಸಮೀಕ್ಷೆಯಲ್ಲೂ ಅವರೇ ಮುಂದಿದ್ದರು. ಮರುದಿನವೆಲ್ಲ ಪತ್ರಿಕೆ, ಟಿ.ವಿ.ಗಳಲ್ಲಿ ಆ ಒಂದು ವಾಕ್ಯವೇ ಮೊಳಗಿತು. ಸಂಜೆಯ ಹೊತ್ತಿಗೆ ಅದೇ ಸಮೀಕ್ಷೆಯಲ್ಲಿ ಎದುರಾಳಿ ಜಿಮ್ಮಿ ಕಾರ್ಟರ್ ಭಾರಿ ಅಂತರದಿಂದ ಗೆದ್ದಿದ್ದರು. ತಮ್ಮ ಕಣ್ಣಿಂದ ನೋಡಿದ್ದಕ್ಕಿಂತ ಮರುದಿನ ಕೇಳಿದ್ದನ್ನು ಜನ ಹೆಚ್ಚು ನಂಬಿದ್ದರು.

ಪಕ್ಕದಲ್ಲಿ ಕೂತವರ ನಗುವಿಗೂ ಇಂಥ ಶಕ್ತಿಯಿದೆ. 1984ರಲ್ಲಿ 73 ವರ್ಷದ ರೊನಾಲ್ಡ್ ರೇಗನ್ ತಮ್ಮ ವಯಸ್ಸಿನ ಪ್ರಶ್ನೆ ಬಂದಾಗ, ಎದುರಾಳಿಯ ಎಳೆತನವನ್ನೂ ಅನುಭವದ ಕೊರತೆಯನ್ನೂ ತಾವು ರಾಜಕೀಯಕ್ಕೆ ಬಳಸಿಕೊಳ್ಳುವುದಿಲ್ಲ ಎಂದು ಗಂಭೀರವಾಗಿ ಹೇಳಿದರು. ಸಭೆ ಗೊಳ್ಳೆಂದಿತು, ಎದುರಾಳಿ ವಾಲ್ಟರ್ ಮಾಂಡೇಲ್ ಕೂಡ ನಕ್ಕರು. ಮನಶ್ಶಾಸ್ತ್ರಜ್ಞರು ವರ್ಷಗಳ ನಂತರ ಆ ವಿಡಿಯೊದಿಂದ ಸಭಿಕರ ನಗು, ಚಪ್ಪಾಳೆಗಳನ್ನಷ್ಟೇ ಕತ್ತರಿಸಿ ವಿದ್ಯಾರ್ಥಿಗಳಿಗೆ ತೋರಿಸಿದಾಗ ರೇಗನ್ ಸಾಧಾರಣವಾಗಿ ಕಂಡರು. ಅದೇ ಜೋಕು, ಅದೇ ಮುಖ, ನಗುವವರಿಲ್ಲ. ಬ್ರಿಟನ್ನಿನಲ್ಲಿ 2010ರ ಮೂರನೇ ಚರ್ಚೆಯ ವೇಳೆ 150 ಮಂದಿಯನ್ನು ಎರಡು ಗುಂಪು ಮಾಡಿ ಕೂರಿಸಿದ ಸಂಶೋಧಕರು, ಪರದೆಯ ಮೇಲಿನ ಆ ‘ಹುಳು’ವಿನ ಗೆರೆಯನ್ನು ಗುಟ್ಟಾಗಿ ತಾವೇ ಆಡಿಸಿದರು. ಒಂದು ಕಡೆ ಬ್ರೌನ್‌ಗೆ, ಇನ್ನೊಂದು ಕಡೆ ಕ್ಲೆಗ್‌ಗೆ ಗೆರೆ ಮೇಲೇರಿತು. ಯಾರ ಪರ ಗೆರೆ ಏರಿತ್ತೋ ಅವರೇ ಗೆದ್ದರೆಂದು ಹೇಳುವವರು ಆಯಾ ಗುಂಪಿನಲ್ಲಿ ಹೆಚ್ಚಾದರು. ಯಾರು ಪ್ರಧಾನಿಯಾಗಲಿ ಎಂಬ ಆಯ್ಕೆಯೂ ಕದಲಿತ್ತು.

2024ರ ಜೂನ್ 27ರಂದು ಅಟ್ಲಾಂಟಾದ ಸಿಎನ್ಎನ್ ಸ್ಟುಡಿಯೊದಲ್ಲಿ ಸಭಿಕರೇ ಇರಲಿಲ್ಲ. 81 ವರ್ಷದ ಜೋ ಬೈಡನ್ ತಡವರಿಸಿದರು, ವಾಕ್ಯದ ನಡುವೆ ಕಳೆದುಹೋದರು. 5.1 ಕೋಟಿ ಜನ ಅದನ್ನು ನೋಡಿದರು. ನಿರ್ಣಾಯಕ ಟಿ.ವಿ. ಚರ್ಚೆ ಎಂದರೆ ಯಾವುದು ಎಂದು ಮುಂದೆ ಯಾರಾದರೂ ಕೇಳಿದರೆ ಇದನ್ನೇ ತೋರಿಸುತ್ತಾರೆ. ಆದರೆ ಮತದಾರರ ಮಟ್ಟದಲ್ಲಿ ನೋಡಿದರೆ ರಾಷ್ಟ್ರೀಯ ಸಮೀಕ್ಷೆಗಳ ಸರಾಸರಿ ಕದಲಿದ್ದು ಎರಡು ಮೂರು ಅಂಶ ಮಾತ್ರ. ಬೈಡನ್ ಬೆಂಬಲಿಗರಲ್ಲಿ ಬಹುಪಾಲು ಜನ ಅವರ ಜತೆಗೇ ಇದ್ದರು. ಕಂಗಾಲಾದದ್ದು ಪಕ್ಷ. ಹಣ ಕೊಡುವವರು ಕೈ ಬಿಗಿ ಹಿಡಿದರು, ಸಂಸದರು ಒಬ್ಬೊಬ್ಬರಾಗಿ ಬಾಯಿಬಿಟ್ಟರು. ಜುಲೈ 21ರಂದು ಬೈಡನ್ ಕಣದಿಂದ ಹಿಂದೆ ಸರಿದರು. ಒಂದು ಟಿ.ವಿ. ಚರ್ಚೆ ಅಮೆರಿಕದ ಚುನಾವಣೆಯ ಅಭ್ಯರ್ಥಿಯನ್ನೇ ಬದಲಿಸಿತು, ಅದೂ ಜನರ ಮತವನ್ನು ಹೆಚ್ಚೇನೂ ಬದಲಿಸದೆ. ಚರ್ಚೆಗಳ ಪ್ರಭಾವವನ್ನು ಮತಪೆಟ್ಟಿಗೆಯಲ್ಲಷ್ಟೇ ಹುಡುಕುವವರಿಗೆ ಇದು ಕಾಣುವುದಿಲ್ಲ.

ಮುಂದಿರುವವರು ಚರ್ಚೆಗೆ ಹೆದರುವುದೂ ಇದೇ ಕಾರಣಕ್ಕೆ. ಗೆದ್ದರೆ ಸಿಗುವುದು ಅಲ್ಪ, ಎಡವಿದರೆ ಆಗುವ ಗದ್ದಲ ದೊಡ್ಡದು. 2002ರಲ್ಲಿ ಫ್ರಾನ್ಸಿನ ಜಾಕ್ ಶಿರಾಕ್, ಕಟ್ಟಾ ಬಲಪಂಥೀಯ ಲ ಪೆನ್ ಜತೆ ವೇದಿಕೆ ಹಂಚಿಕೊಳ್ಳುವುದಿಲ್ಲವೆಂದು ನಿರಾಕರಿಸಿದರು; ಭಾರಿ ಬಹುಮತದಿಂದ ಗೆದ್ದರು. 2017ರಲ್ಲಿ ಬ್ರಿಟನ್ನಿನ ತೆರೆಸಾ ಮೇ ಚರ್ಚೆಗೆ ತಮ್ಮ ಬದಲು ಸಚಿವೆಯೊಬ್ಬರನ್ನು ಕಳಿಸಿದರು. ಇದ್ದ ಬಹುಮತವೂ ಹೋಯಿತು. 2023–24ರ ರಿಪಬ್ಲಿಕನ್ ಪ್ರೈಮರಿ ಚರ್ಚೆಗಳಲ್ಲಿ ಒಂದಕ್ಕೂ ಟ್ರಂಪ್ ಬರಲಿಲ್ಲ. ಟಿಕೆಟ್ ಅವರಿಗೇ ಸಿಕ್ಕಿತು. ಗೈರುಹಾಜರಿಗೆ ಮತದಾರ ಕೊಡುವ ಶಿಕ್ಷೆ ಹೀಗೆ ಲೆಕ್ಕಕ್ಕೆ ಸಿಗುವಂಥದ್ದಲ್ಲ.

ಭಾರತದಲ್ಲಿ ಈ ಲೆಕ್ಕ ಎಲ್ಲರಿಗೂ ಕರಗತ. ‘ತಾಕತ್ತಿದ್ದರೆ ಬಹಿರಂಗ ಚರ್ಚೆಗೆ ಬನ್ನಿ’ ಎಂಬ ಸವಾಲು ಕರ್ನಾಟಕದ ಪತ್ರಿಕಾಗೋಷ್ಠಿಗಳಲ್ಲಿ ದಿನಬೆಳಗಾದರೆ ಕೇಳಿಸುತ್ತದೆ. ಸವಾಲು ಹಾಕುವುದು ಸಾಮಾನ್ಯವಾಗಿ ಹಿಂದಿರುವವರು, ಕೇಳಿಸದಂತೆ ಇರುವುದು ಮುಂದಿರುವವರು. ಪಕ್ಷಗಳು ಜಾಗ ಬದಲಿಸಿಕೊಂಡಾಗ ಮಾತೂ ಬದಲಾಗುತ್ತದೆ. 2009ರಲ್ಲಿ ಎಲ್.ಕೆ. ಅಡ್ವಾಣಿ, ಮನಮೋಹನ್ ಸಿಂಗ್ ಅವರನ್ನು ಟಿ.ವಿ. ಚರ್ಚೆಗೆ ಕರೆದರು, ಕಾಂಗ್ರೆಸ್ ಒಪ್ಪಲಿಲ್ಲ. 2015ರ ದೆಹಲಿ ಚುನಾವಣೆಯಲ್ಲಿ ಅರವಿಂದ ಕೇಜ್ರಿವಾಲ್ ಕರೆದಾಗ, ಚರ್ಚೆಯೇನಿದ್ದರೂ ಸದನದಲ್ಲಿ ಎಂದರು ಕಿರಣ್ ಬೇಡಿ. ಎಪ್ಪತ್ತರಲ್ಲಿ 67 ಸೀಟು ಆಮ್ ಆದ್ಮಿ ಪಕ್ಷದ ಪಾಲಾಗಿ, ಬೇಡಿ ಸದನಕ್ಕೇ ಬರಲಿಲ್ಲ. 2018ರ ಮೇ 1ರಂದು ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿಯಲ್ಲಿ ಪ್ರಧಾನಿ ನರೇಂದ್ರ ಮೋದಿ, ಚೀಟಿ ನೋಡದೆ 15 ನಿಮಿಷ ಕರ್ನಾಟಕ ಸರ್ಕಾರದ ಸಾಧನೆ ಹೇಳಿ ನೋಡೋಣ ಎಂದು ರಾಹುಲ್ ಗಾಂಧಿಯವರನ್ನು ಕೆಣಕಿದರು. ಯಡಿಯೂರಪ್ಪ ಸರ್ಕಾರದ ಸಾಧನೆಯನ್ನು ನೀವು ಚೀಟಿ ನೋಡಿಯಾದರೂ 15 ನಿಮಿಷ ಹೇಳಿ ಎಂದು ಸಿದ್ದರಾಮಯ್ಯ ತಿರುಗೇಟು ಕೊಟ್ಟರು. ಸವಾಲು ಹಾಕಿಸಿಕೊಂಡ ಇಬ್ಬರಲ್ಲಿ ಯಾರೂ ಆ 15 ನಿಮಿಷ ಮಾತಾಡಲಿಲ್ಲ.

ಹೆಚ್ಚು ಗಂಭೀರವಾದ ಪ್ರಯತ್ನ ನಡೆದದ್ದು 2024ರ ಮೇ ತಿಂಗಳಲ್ಲಿ. ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಷಾ ಹಾಗೂ ಹಿರಿಯ ಪತ್ರಕರ್ತ ಎನ್. ರಾಮ್ ಅವರು ಮೋದಿ ಮತ್ತು ರಾಹುಲ್ ಇಬ್ಬರಿಗೂ ಪತ್ರ ಬರೆದು ಸಾರ್ವಜನಿಕ ಚರ್ಚೆಗೆ ಆಹ್ವಾನಿಸಿದರು. ರಾಹುಲ್ ಒಪ್ಪಿದರು. ಬಿಜೆಪಿ ಯುವ ಮೋರ್ಚಾದ ಅಧ್ಯಕ್ಷರಾಗಿದ್ದ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ, ರಾಹುಲ್ ಜತೆ ಚರ್ಚಿಸಲು ಮೋರ್ಚಾದ ಉಪಾಧ್ಯಕ್ಷ ಅಭಿನವ್ ಪ್ರಕಾಶ್ ಅವರ ಹೆಸರನ್ನು ಸೂಚಿಸಿದರು. ಮಾತು ಅಲ್ಲಿಗೇ ನಿಂತಿತು.

ಸಂಸದೀಯ ಪದ್ಧತಿಯಲ್ಲಿ ಜನ ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ, ಆದ್ದರಿಂದ ಇಂಥ ಚರ್ಚೆ ಇಲ್ಲಿಗೆ ಹೊಂದುವುದಿಲ್ಲ ಎಂಬ ವಾದವಿದೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಎಲ್ಲವೂ ಸಂಸದೀಯ ದೇಶಗಳೇ ಆದ್ದರಿಂದ ಅದು ಗಟ್ಟಿ ವಾದವಲ್ಲ. ಭಾಷೆಯ ತೊಡಕು ಮಾತ್ರ ನಿಜವಾದದ್ದು. ಹಿಂದಿಯಲ್ಲಿ ಚರ್ಚೆ ನಡೆದರೆ ಕೊಪ್ಪಳದ ಮತದಾರನಿಗೆ ತಲುಪುವುದು ಅನುವಾದಕನ ದನಿ. ಮೊನಚು, ವಿರಾಮ, ವ್ಯಂಗ್ಯ, ಅಂದರೆ ಚರ್ಚೆಯಲ್ಲಿ ಗೆಲ್ಲಿಸುವ ಸರಕೆಲ್ಲ ದಾರಿಯಲ್ಲೇ ಸೋರಿಹೋಗುತ್ತದೆ. ಕೆನಡಾ ಇದಕ್ಕೊಂದು ಉಪಾಯ ಕಂಡುಕೊಂಡಿದೆ: ಫ್ರೆಂಚ್‌ನಲ್ಲೊಂದು, ಇಂಗ್ಲಿಷಿನಲ್ಲೊಂದು ಚರ್ಚೆ. 1984ರಲ್ಲಿ ಫ್ರೆಂಚ್ ಮಾತಾಡುವ ಕ್ವಿಬೆಕ್‌ನ ಮಣ್ಣಿನ ಮಗ, ವಿರೋಧ ಪಕ್ಷದ ನಾಯಕ ಬ್ರಯಾನ್ ಮಲ್ರೋನಿ ಫ್ರೆಂಚ್ ಚರ್ಚೆಯಲ್ಲಿ ಸಲೀಸಾಗಿ ಆಡಿದರು. ಮರುದಿನದ ಇಂಗ್ಲಿಷ್ ಚರ್ಚೆಯಲ್ಲಿ, ಪಕ್ಷದವರಿಗೆ ಹಂಚಿದ ಹುದ್ದೆಗಳ ಬಗ್ಗೆ ‘ನನಗೆ ಬೇರೆ ದಾರಿ ಇರಲಿಲ್ಲ’ ಎಂದ ಪ್ರಧಾನಿ ಜಾನ್ ಟರ್ನರ್ ಅವರತ್ತ ಬೆರಳು ತೋರಿಸಿ ‘ದಾರಿ ಇತ್ತು ಸ್ವಾಮಿ, ಆಗುವುದಿಲ್ಲ ಎನ್ನಬಹುದಿತ್ತು’ ಎಂದರು. ಹಿಂದಿನ ಚುನಾವಣೆಯಲ್ಲಿ ಕ್ವಿಬೆಕ್‌ನಲ್ಲಿ ಒಂದೇ ಸೀಟು ಗೆದ್ದಿದ್ದ ಮಲ್ರೋನಿ ಅವರ ಪಕ್ಷಕ್ಕೆ ಅಲ್ಲಿ 58 ಸೀಟು ಬಂದವು. ಟರ್ನರ್ ಅವರ ಲಿಬರಲ್ ಪಕ್ಷದ ಸುದೀರ್ಘ ಆಳ್ವಿಕೆ ಜನಕ್ಕೆ ಸಾಕಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ. ಇಪ್ಪತ್ತೆರಡು ಭಾಷೆಗಳನ್ನು ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿಸಿಕೊಂಡಿರುವ ದೇಶಕ್ಕೆ ಈ ಉಪಾಯ ಸಾಲದು.

ಹಾಗಾದರೆ ಭಾರತದಂಥ ಕಡೆ ಚರ್ಚೆಯಿಂದ ಉಪಯೋಗವೇ ಇಲ್ಲವೇ? ಇದಕ್ಕೆ ಉತ್ತರ ವಾಷಿಂಗ್ಟನ್, ಲಂಡನ್‌ಗಳಿಗಿಂತ ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನ್‌ನಲ್ಲಿ ಚೆನ್ನಾಗಿ ಸಿಗುತ್ತದೆ. ಅಲ್ಲಿ ಎರಡು ದೊಡ್ಡ ಪಕ್ಷಗಳು. ಉತ್ತರದ ಟೆಮ್ನೆ ಜನ ಒಂದರ ಕಡೆ, ದಕ್ಷಿಣದ ಮೆಂಡೆ ಜನ ಇನ್ನೊಂದರ ಕಡೆ. ಯಾವ ಬುಡಕಟ್ಟು ಎಂದು ಗೊತ್ತಾದರೆ ಯಾವ ಪಕ್ಷ ಎಂದು ಬಹುಮಟ್ಟಿಗೆ ಹೇಳಿಬಿಡಬಹುದು. ಇಂಥ ಲೆಕ್ಕ ಕರ್ನಾಟಕದ ಓದುಗರಿಗೆ ಹೊಸದೇನಲ್ಲ. 2012ರ ಚುನಾವಣೆಯಲ್ಲಿ ಕೆಲ್ಲಿ ಬಿಡ್‌ವೆಲ್, ಕ್ಯಾಥರೀನ್ ಕೇಸಿ ಮತ್ತು ರೇಚಲ್ ಗ್ಲೆನರ್‌ಸ್ಟರ್ ಎಂಬ ಸಂಶೋಧಕಿಯರು 14 ಕ್ಷೇತ್ರಗಳಲ್ಲಿ ಸಂಸತ್ ಅಭ್ಯರ್ಥಿಗಳನ್ನು ಒಂದೆಡೆ ಕೂರಿಸಿ ನಡೆಸಿದ ಚರ್ಚೆಗಳ ಚಿತ್ರೀಕರಣವನ್ನು ಬಳಸಿಕೊಂಡರು. ಪ್ರಶ್ನೆಗಳು ಎಲ್ಲರಿಗೂ ಒಂದೇ: ಶಾಲೆ, ರಸ್ತೆ, ಕ್ಷೇತ್ರಕ್ಕೆ ಬರುವ ಅನುದಾನವನ್ನು ಹೇಗೆ ಖರ್ಚು ಮಾಡುತ್ತೀರಿ, ಇಂಥವು. 224 ಮತಗಟ್ಟೆ ಪ್ರದೇಶಗಳಲ್ಲಿ ಲಾಟರಿ ಎತ್ತಿದಂತೆ ಅರ್ಧವನ್ನು ಆರಿಸಿ, ಆ 112 ಕಡೆಗಳಲ್ಲಿ ಸಂಜೆಯ ಹೊತ್ತು ಸಂಚಾರಿ ಸಿನಿಮಾದ ಹಾಗೆ ತೆರೆ ಕಟ್ಟಿ ತೋರಿಸಿದರು. ಸುಮಾರು 19,000 ಜನ ಬಂದು ನೋಡಿದರು. ಉಳಿದ 112 ಕಡೆ ತೋರಿಸಲಿಲ್ಲ, ಹೋಲಿಸಿ ನೋಡಲು.

ಇಲ್ಲಿ ಮತ ಕದಲಿತು. ಚರ್ಚೆಯಲ್ಲಿ ಚೆನ್ನಾಗಿ ಮಾಡಿದ ಅಭ್ಯರ್ಥಿಗೆ, ತೆರೆ ಕಟ್ಟಿದ ಜಾಗಗಳಲ್ಲಿ ಸುಮಾರು ಐದು ಶೇಕಡಾ ಅಂಶದಷ್ಟು ಹೆಚ್ಚು ಮತ ಬಂತು. ಅಭ್ಯರ್ಥಿಗಳ ಹೆಸರು, ವಿದ್ಯಾಭ್ಯಾಸ, ನಿಲುವುಗಳೂ ಆ ಊರಿನವರಿಗೆ ಹೆಚ್ಚು ತಿಳಿದಿದ್ದವು. ಅಲ್ಲಿ ಪತ್ರಿಕೆ ತಲುಪದು, ಟಿ.ವಿ. ಅಪರೂಪ, ಅಭ್ಯರ್ಥಿಯ ಬಗ್ಗೆ ಗೊತ್ತಿರುವುದು ಅವನ ಪಕ್ಷವಷ್ಟೇ. ಅಂಥ ಕಡೆ ಒಂದು ಗಂಟೆಯ ಪ್ರಶ್ನೋತ್ತರ ಹೊಸದನ್ನು ಹೇಳುತ್ತದೆ. ಇನ್ನೊಂದು ತಮಾಷೆಯೆಂದರೆ, ಎಲ್ಲೆಲ್ಲಿ ತೆರೆ ಕಟ್ಟುತ್ತಾರೆಂದು ಸುಳಿವು ಹತ್ತಿದ ಅಭ್ಯರ್ಥಿಗಳು ಆ ಊರುಗಳಲ್ಲಿ ಪ್ರಚಾರದ ಖರ್ಚನ್ನೂ ಹೆಚ್ಚಿಸಿದರು. ಉಡುಗೊರೆ ಹಂಚಿದರು, ತಾವೇ ಬಂದು ಹೋದರು.

ಚುನಾವಣೆ ಮುಗಿದ ಮೇಲೂ ಸಂಶೋಧಕಿಯರು ಬಿಡಲಿಲ್ಲ. ಚರ್ಚೆಯಲ್ಲಿ ಭಾಗವಹಿಸಿ ಗೆದ್ದ ಸಂಸದರನ್ನೂ, ಚರ್ಚೆಯೇ ನಡೆಯದ ಕ್ಷೇತ್ರಗಳ ಸಂಸದರನ್ನೂ ಹೋಲಿಸಿ, ಕ್ಷೇತ್ರಾಭಿವೃದ್ಧಿ ಅನುದಾನ ಎಲ್ಲಿ ಹೋಯಿತೆಂದು ಊರೂರು ಸುತ್ತಿ ನೋಡಿದರು. ಕಣ್ಣಿಗೆ ಕಾಣುವ, ಲೆಕ್ಕ ಸಿಗುವ ಕೆಲಸಗಳಿಗೆ ಚರ್ಚೆಯ ಕ್ಷೇತ್ರಗಳಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚು ಹಣ ಖರ್ಚಾಗಿತ್ತು. ಎಲ್ಲರೆದುರು ಕ್ಯಾಮೆರಾದಲ್ಲಿ ಮಾತು ಕೊಟ್ಟ ಮೇಲೆ ನುಂಗಿಕೊಳ್ಳುವುದು ಕಷ್ಟವಾಗಿರಬೇಕು. ಮತದ ಮೇಲಿನ ಪ್ರಭಾವಕ್ಕಿಂತ ಇದು ದೊಡ್ಡದು, ಆದರೆ ಚರ್ಚೆಯ ಮರುದಿನದ ಯಾವ ಸಮೀಕ್ಷೆಯಲ್ಲೂ ಇದು ಸಿಗುವುದಿಲ್ಲ.

ಮೋದಿ ಮತ್ತು ರಾಹುಲ್ ಒಂದೇ ವೇದಿಕೆಗೆ ಬಂದರೆ ನೋಡುವವರ ಸಂಖ್ಯೆ ದಾಖಲೆ ಬರೆಯಬಹುದು, ಮತ ಮಾತ್ರ ಹೆಚ್ಚು ಕದಲಲಾರದು. ಅವರಿಬ್ಬರ ಬಗ್ಗೆ ದೇಶದ ಮತದಾರನಿಗೆ ಗೊತ್ತಿಲ್ಲದ್ದು ಕಡಿಮೆ. ಆದರೆ ವಿಧಾನಸಭಾ ಕ್ಷೇತ್ರದ ಅಭ್ಯರ್ಥಿಗಳ ವಿಷಯ ಹಾಗಲ್ಲ. ಪಕ್ಷದ ಚಿಹ್ನೆ, ಜಾತಿ, ಪ್ರಚಾರದ ವಾಹನದ ಮೇಲಿನ ಫೋಟೊ ಬಿಟ್ಟರೆ ಅವರ ಬಗ್ಗೆ ತಿಳಿಯಲು ದಾರಿ ಹೆಚ್ಚಿಲ್ಲ. 1998ರಿಂದ ಚುನಾವಣಾ ಆಯೋಗದ ವ್ಯವಸ್ಥೆಯಡಿ ಆಕಾಶವಾಣಿ, ದೂರದರ್ಶನಗಳು ಮಾನ್ಯತೆ ಪಡೆದ ಪಕ್ಷಗಳಿಗೆ ಉಚಿತ ಸಮಯ ಕೊಡುತ್ತಿವೆ. ಅಲ್ಲಿ ಮಾತಾಡುವುದು ಪಕ್ಷದ ಪ್ರತಿನಿಧಿಗಳು, ಕ್ಷೇತ್ರದ ಅಭ್ಯರ್ಥಿಗಳಲ್ಲ. ಸುದ್ದಿವಾಹಿನಿಗಳು ಚುನಾವಣೆ ಬಂದಾಗ ಬಸ್ ನಿಲ್ದಾಣದ ಪಕ್ಕ ನಡೆಸುವ ಚರ್ಚೆಗಳಲ್ಲಿ ಕೇಳಿಸುವುದು ಕಾರ್ಯಕರ್ತರ ಜೈಕಾರ. ಕರ್ನಾಟಕದ ಪ್ರತಿ ಶಾಸಕರಿಗೂ ವರ್ಷಕ್ಕೆ 2 ಕೋಟಿ ರೂಪಾಯಿಯ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ಇದೆ. ಆ ದುಡ್ಡು ಎಲ್ಲಿ ಹೋಯಿತು, ಮುಂದಿನ ಐದು ವರ್ಷ ಎಲ್ಲಿಗೆ ಹೋಗುತ್ತದೆ ಎಂದು ಎದುರಾಳಿಯ ಸಮ್ಮುಖದಲ್ಲೇ ಅಭ್ಯರ್ಥಿಯನ್ನು ಕೇಳುವ ವೇದಿಕೆ, ಬೆಂಗಳೂರಿನ ಕೆಲವು ಬಡಾವಣೆಗಳಲ್ಲಿ ನಿವಾಸಿಗಳ ಸಂಘಗಳು ಏರ್ಪಡಿಸುವ ಮುಖಾಮುಖಿಗಳನ್ನು ಬಿಟ್ಟರೆ, ರಾಜ್ಯದ 224 ಕ್ಷೇತ್ರಗಳಲ್ಲಿ ಬಹುತೇಕ ಕಡೆ ಇನ್ನೂ ಇಲ್ಲ.